ಹಡಗಿನ ಕಳ್ಳ

ಅಕ್ಕಾ,

ಒಂಬತ್ತು ವರ್ಷಗಳ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಎಲ್ಲರೂ ಆರಾಮಾಗಿದ್ದೇವೆ ಎಂದು ಬರೆಯೋಣವೆಂದರೆ ಇಲ್ಲಿ ಇರುವವಳು ನಾನೊಬ್ಬಳೇ.

ಹಳೇ ಟಾಕೀಸಿಗೆ ಆ ಹಡಗಿನ ಸಿನಿಮಾ ಮತ್ತೆ ಬಂದಿದೆ. ಹಾರ ಕಳುವಾಗಿ, ಅವನೇ ಕಳ್ಳನೆಂದು ಅವಳು, ಅವಳೇ ಕಳ್ಳಿಯೆಂದು ಅವನು ಜಗಳವಾಡುತ್ತಲೇ ಮನಸೋಲುತ್ತಾರಲ್ಲ, ಅದೇ. ಅಂದು ಅವರು ಮುತ್ತು ಕೊಟ್ಟುಕೊಳ್ಳುವಾಗ ನೀನು ನನ್ನ ಕಣ್ಣು ಮುಚ್ಚಿದ್ದೆ. ಅಷ್ಟರಲ್ಲೇ ಅವರ ಬೆನ್ನ ಹಿಂದೆ ನಿಜವಾದ ಕಳ್ಳ ಸಿಕ್ಕಿಬಿದ್ದು ಇಡೀ ಟಾಕೀಸು ನಕ್ಕಿತ್ತು. ಯಾರೆಂದು ಎಷ್ಟು ಗೋಗರೆದರೂ ನೀನು, "ದೊಡ್ಡೋಳಾದ್ಮೇಲೆ ನೀನೇ ಬಂದು ನೋಡ್ಕೋ" ಅಂದೆ.

ನಿನ್ನೆ ಒಬ್ಬಳೇ ಹೋಗಿದ್ದೆ. ಆ ಜಾಗ ಬಂದದ್ದೇ ತಡ, ನನ್ನ ಕೈ ತಾನಾಗಿ ಕಣ್ಣಿಗೆ ಹೋಯಿತು. ಅಂದಿನಂತೆಯೇ ಜನ ನಕ್ಕರು. ನಲವತ್ತಾರು ತುಂಬಿದರೂ ಕಳ್ಳ ಯಾರೆಂದು ನನಗೆ ಗೊತ್ತಿಲ್ಲ. ಅಂದು ನಿನ್ನ ಅಂಗೈಗೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಇತ್ತು. ನನ್ನದಕ್ಕೆ ಯಾವ ವಾಸನೆಯೂ ಇರಲಿಲ್ಲ.

ಅಮ್ಮ ತೀರಿಕೊಂಡ ವಾರವೇ ಆ ಯಂತ್ರವನ್ನು ಹೊತ್ತೊಯ್ದ ಕಳ್ಳಿ ಯಾರೆಂದು ಮಾತ್ರ ಇಬ್ಬರಿಗೂ ಗೊತ್ತು. ಅದರ ಮೇಲೆ ನಾನು ಒಂದು ಹೊಲಿಗೆಯನ್ನೂ ಹಾಕಿಲ್ಲ. ಬೆಲ್ಟು ಹೊಸದು ಹಾಕಿಸಿ, ಎಣ್ಣೆ ಬಿಟ್ಟಿದ್ದೇನೆ. ಒಯ್ಯಲು ನೀನೇ ಬರಬೇಕು, ಯಾರನ್ನೂ ಕಳಿಸಬೇಡ.

ಶನಿವಾರ ಮಧ್ಯಾಹ್ನದ್ದೇ ಕೊನೆಯ ಆಟ. ಎರಡು ಟಿಕೆಟ್ ತೆಗೆದಿಟ್ಟಿದ್ದೇನೆ. ಕಳ್ಳ ಯಾರೆಂದು ಕಾಗದದಲ್ಲಿ ಬರೆದು ಕೈತೊಳೆದುಕೊಳ್ಳಬೇಡ.

ಇಂತಿ,
ಇನ್ನೂ ದೊಡ್ಡವಳಾಗದ
ನಿನ್ನ ತಂಗಿ