ವಾಲಿದ ಅಕ್ಷರ

೧೨-೮-೧೯೩೮, ಸಿರಾ
ಬೆನ್ನು ನೋವು. ಬೆಳಿಗ್ಗೆ ನನ್ನ ಗುಮಾಸ್ತಿಕೆಯ ಮೂರು ಅಂಗಡಿಗಳ ಲೆಕ್ಕ ಬರೆದದ್ದಾಯಿತು. ಊಟ ಮುಗಿಸಿ ಯಥಾಪ್ರಕಾರ ಚಂದ್ರಶೇಖರಯ್ಯನವರ ಮನೆ. ಬಾಗಿಲು ಹಾಕಿಕೊಂಡು, ಅವರು ಲೆಕ್ಕ ಬರೆಯಲು ಒಪ್ಪಿಕೊಂಡಿರುವ ನಾಲ್ಕು ಅಂಗಡಿಗಳದ್ದು. ಎರಡು ವರ್ಷದಿಂದ ಇದೇ ಗಾಣ.

ಪೊರೆ ತೆಗೆಸಲು ಹೋಗಿ ಅವರ ಒಂದು ಕಣ್ಣು ಹೋಯಿತು. ಇನ್ನೊಂದಕ್ಕೆ ಹಗಲು ಯಾವುದು, ಇರುಳು ಯಾವುದು ಎಂಬುದಷ್ಟೇ ಗೊತ್ತು. ದೃಷ್ಟಿ ಮಂಜಾಗಿದೆ ಎಂದು ಊರು ತಿಳಿದಿದೆ. ಪೂರ್ತಿ ಹೋಗಿದೆ ಎಂದು ಗೊತ್ತಾದರೆ ಪುಸ್ತಕ ಯಾರು ಕೊಟ್ಟಾರು? ತಿಂಗಳ ಹದಿನೆಂಟು ರೂಪಾಯಿ ನಿಂತರೆ ಅವರೂ ಹೆಂಡತಿ ಇಂದ್ರಮ್ಮನವರೂ ಉಪವಾಸ. ಅದಕ್ಕೇ ಅವರ ಹಾಗೆ ಬಲಕ್ಕೆ ವಾಲಿಸಿ ಬರೆಯುತ್ತೇನೆ. ನನ್ನದು ನೆಟ್ಟಗೆ ನಿಲ್ಲುವ ಅಕ್ಷರ.

ಅವರು ದೂರ ಗೋಡೆಗೆ ಒರಗಿ, ನಶ್ಯ ಏರಿಸುತ್ತಾ ಕೇಳುತ್ತಾರೆ. ನಾನು ಕೂಡುವುದರೊಳಗೆ ಮೊತ್ತ ಹೇಳಿಬಿಡುತ್ತಾರೆ. ಮೈ ಉರಿಯುತ್ತದೆ.

೧೬-೮
ಎಣ್ಣೆ ಅಂಗಡಿ ಶಂಕರಲಿಂಗಪ್ಪನ ಲೆಕ್ಕದಲ್ಲಿ ಮೂರು ದಿನದಿಂದ ಒಂದಾಣೆ ತಾಳೆಯಿಲ್ಲ. ನನ್ನ ಅಂಗಡಿಯೇ. ಮರ್ಯಾದೆ ಬಿಟ್ಟು ಚಂದ್ರಶೇಖರಯ್ಯನವರಿಗೆ ಓದಿ ಹೇಳಿದೆ. ಎರಡು ಪುಟ ಸುಮ್ಮನೆ ಕೇಳಿದರು. ಹಿಂಡಿಯ ಸಾಲು ಇನ್ನೊಂದು ಸಲ ಓದು ಎಂದರು. ಅಲ್ಲೇ ಕೂತಿತ್ತು ಹಾಳಾದ್ದು.

ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಬೀಗುತ್ತಿದ್ದೆ. ನನ್ನಂಥ ಪೆದ್ದ ಇಲ್ಲ.

೩-೯
ಕೆಟ್ಟ ಸುದ್ದಿ. ಚಂದ್ರಶೇಖರಯ್ಯನವರಿಗೆ ಮಧುಗಿರಿ ಕೋರ್ಟಿನ ಸಮನ್ಸು.

ಅವರ ನಾಲ್ಕು ಅಂಗಡಿಗಳಲ್ಲಿ ಕಂಬಳಿ ಅಂಗಡಿಯೂ ಒಂದು. ಕರೀಮ್ ಸಾಬ್ ತೀರಿಕೊಂಡ ಮೇಲೆ ಅವರ ಹೆಂಡತಿ ಅಮೀರ್ ಬಿ ನಡೆಸುತ್ತಾಳೆ. ಮಧುಗಿರಿಯ ವೃಷಭೇಂದ್ರಪ್ಪ ಅರವತ್ತು ಕಂಬಳಿ ಸಾಲಕ್ಕೆ ಒಯ್ದು, ಒಯ್ದದ್ದು ಇಪ್ಪತ್ತೇ ಎನ್ನುತ್ತಾನೆ. ನೂರಿಪ್ಪತ್ತು ರೂಪಾಯಿಯ ಮಾತು. ಹೋದರೆ ಅಂಗಡಿಗೆ ಬೀಗವೇ. ಆಕೆಯ ಕಡೆಗಿರುವುದು ಪುಸ್ತಕದ ಒಂದು ಪುಟ. ಬರೆದವರು ಬಂದು, ಇದು ನನ್ನ ಅಕ್ಷರ ಎಂದು ಪ್ರಮಾಣ ಮಾಡಿ ಓದಬೇಕಂತೆ.

ಬರೆದವನು ನಾನು.

೪-೯
ನಿದ್ದೆಯಿಲ್ಲ. ನಾನು ಹೋಗಿ ನಿಜ ಹೇಳುತ್ತೇನೆ ಎಂದೆ. ಚಂದ್ರಶೇಖರಯ್ಯನವರು ಒಪ್ಪಲಿಲ್ಲ. “ನಿಜ ಹೇಳುದ್ರೆ ನನ್ನ ಅನ್ನ ಹೋಯ್ತದೆ. ಸುಮ್ನಿದ್ರೆ ಆ ಹೆಣ್ಮಗಳದ್ದು ಹೋಯ್ತದೆ. ಆ ಪುಟ ಓದು ರೇಣುಕ. ಬಾಯಿಪಾಠ ಮಾಡ್ತೀನಿ.”

ಓದಿದೆ. ಹನ್ನೊಂದು ಸಾಲು. ಎರಡನೇ ಸಲಕ್ಕೆ ಬಂತು.

೨೧-೯, ರಾತ್ರಿ
ಮಧುಗಿರಿಯಿಂದ ಈಗ ಬಂದೆವು. ಕಾಲು ತೊಳೆಯಲೂ ಶಕ್ತಿಯಿಲ್ಲ. ಬರೆದೇ ಮಲಗುತ್ತೇನೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹನ್ನೊಂದು ಸಾಲನ್ನು ಮಂತ್ರದ ಹಾಗೆ ಗುನುಗಿದರು. ಕೋರ್ಟಿನಲ್ಲಿ ಕೈ ಹಿಡಿದು ಕಟಕಟೆ ಹತ್ತಿಸಿದೆ, ಮುದುಕರೆಂಬ ನೆಪ. ಅಕ್ಷರ ತಮ್ಮದೇ ಎಂದು ಪ್ರಮಾಣ ಮಾಡಿಬಿಟ್ಟರು. ಎದುರು ವಕೀಲ ಪುಸ್ತಕ ಕೈಗೆ ಕೊಟ್ಟು ಓದಿ ಎಂದ. ಓದಿದರು. ತಾರೀಖು, ರಂಗಯ್ಯನ ಗಾಡಿ, ಅರವತ್ತು ಕಂಬಳಿ, ದರ, ಸುಂಕ... ಒಂದು ಕಾಸು ತಪ್ಪಲಿಲ್ಲ.

ವಕೀಲ ಬೇರೆ ಪುಟ ತೆರೆದುಕೊಟ್ಟಿದ್ದ.

ಜನ ನಕ್ಕರು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಚಂದ್ರಶೇಖರಯ್ಯನವರು ಮುಖ ಅತ್ತಿತ್ತ ತಿರುಗಿಸಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. “ಅಕ್ಷರ ನನ್ನದು ಸ್ವಾಮಿ. ಲೆಕ್ಕ ಅವರದು.”

ಮುನ್ಸೀಫರು ಇಬ್ಬರಿಗೂ ಚೆನ್ನಾಗಿ ಉಗಿದರು. ಸುಳ್ಳು ಪ್ರಮಾಣಕ್ಕೆ ಒಳಗೆ ಹಾಕಿಸುತ್ತೇನೆ ಎಂದರು. ಆಮೇಲೆ ನನ್ನಿಂದ ಪ್ರಮಾಣ ಮಾಡಿಸಿ, ಸರಿಯಾದ ಪುಟ ತಾವೇ ತೆಗೆದು, ಚಂದ್ರಶೇಖರಯ್ಯನವರಿಂದ ಮತ್ತೆ ಹೇಳಿಸಿದರು. ಸಾಲಿನ ಮೇಲೆ ಬೆರಳಿಟ್ಟು ನೋಡುತ್ತಾ ಹೋದರು. ಎಲ್ಲೂ ಬೆರಳು ನಿಲ್ಲಲಿಲ್ಲ. ಗಾಡಿ ರಂಗಯ್ಯನೂ ಅರವತ್ತೇ ಎಂದ. ತೀರ್ಪು ಮುಂದಕ್ಕೆ.

ಬರುವಾಗ ಬಸ್ಸಿನಲ್ಲಿ ಅವರು ನಶ್ಯ ಮುಟ್ಟಲಿಲ್ಲ.

೧೦-೧೦
ಅಮೀರ್ ಬಿ ಗೆದ್ದಳು. ಒಳ್ಳೆಯದಾಯಿತು.

ಇತ್ತ ಚಂದ್ರಶೇಖರಯ್ಯನವರ ಮೂರು ಅಂಗಡಿಯವರೂ ಪುಸ್ತಕ ವಾಪಸು ತರಿಸಿಕೊಂಡರು. ಇಬ್ಬರು ನನ್ನ ಬಳಿಗೇ ಬಂದು, ನೀವೇ ಬರೆಯಿರಿ, ಎಂಟಾಣೆ ಜಾಸ್ತಿ ಕೊಡುತ್ತೇವೆ ಎಂದರು. ನಾಚಿಕೆಯಾಗಬೇಡವೇ? ಆಗುವುದಿಲ್ಲ ಎಂದೆ. ಇಂದ್ರಮ್ಮನವರು ಬಾಗಿಲಲ್ಲಿ ನಿಂತು, ಊಟ ಮಾಡಿಕೊಂಡು ಹೋಗಪ್ಪಾ ಎಂದರು. ಅಡುಗೆಮನೆಯಲ್ಲಿ ಏನಿತ್ತೋ. ಹಸಿವಿಲ್ಲ ಎಂದು ಬಂದೆ.

ನಾಲ್ಕನೆಯದು ಅಮೀರ್ ಬಿಯದು. ಆಕೆ ಏನೂ ಹೇಳಿ ಕಳಿಸಿಲ್ಲ. ಹೊಸ ಪುಸ್ತಕ ಹಾಕುವುದು ಬಲಿಪಾಡ್ಯಮಿಗೆ. ಆವತ್ತು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

೨೪-೧೦, ಬಲಿಪಾಡ್ಯಮಿ
ಬಂದಳು.

ಬೆಳಿಗ್ಗೆ ಹತ್ತಕ್ಕೆ ಹೊಸ ಪುಸ್ತಕ ಹಿಡಿದು ಚಂದ್ರಶೇಖರಯ್ಯನವರ ಜಗಲಿಗೇ ಬಂದಳು. ಅವರು ಕೈಮುಗಿದು, ನಿಮಗೆ ಮೋಸ ಮಾಡಿದೆ ತಾಯಿ, ಬೇರೆಯವರ ಕೈಲಿ ಬರೆಸಿ ನನ್ನದು ಅಂದೆ ಎಂದರು. ಕಣ್ಣಲ್ಲಿ ನೀರು. ಆಕೆ ಸೆರಗು ಎಳೆದುಕೊಂಡು ನಕ್ಕುಬಿಟ್ಟಳು.

“ಮುಂಚೆ ಪುಸ್ತಕ ತೆಗುದ್ರೆ ಸಾಕು, ಮನೆಮಂದಿಗೆಲ್ಲಾ ಸೀನು ಬರ್ತಿತ್ತು ಅಯ್ನೋರೆ. ಹಾಳೆ ತುಂಬಾ ನಿಮ್ಮ ನಶ್ಯ. ಎಲ್ಡು ವರ್ಷದಿಂದ ಒಂದು ಸೀನಿಲ್ಲ. ಬರೆಯೋ ಕೈ ಬ್ಯಾರೆ ಅಂತ ಅವತ್ತೇ ಗೊತ್ತಾಯ್ತು. ಲೆಕ್ಕ ತಪ್ಪಲಿಲ್ಲ, ನಾನ್ಯಾಕೆ ಬಾಯಿ ಬುಡ್ಲಿ?”

ಮುದುಕರು ಬಿಕ್ಕಿಬಿಕ್ಕಿ ಅತ್ತರು. ನಾನೂ ಅತ್ತೆ, ಇಲ್ಲಿ ಮುಚ್ಚಿಡುವುದೇನಿದೆ. ಪಾವಗಡದ ಅವಳ ತಮ್ಮ ಕಡಲೆಕಾಯಿ ಮಂಡಿ ಇಡುತ್ತಾನಂತೆ, ಆ ಪುಸ್ತಕವೂ ನಿಮಗೇ ಎಂದಳು. ಚಂದ್ರಶೇಖರಯ್ಯನವರು ಸೊಂಟದಿಂದ ಡಬ್ಬಿ ತೆಗೆದು ನಶ್ಯ ಏರಿಸಿದರು. ಎಷ್ಟು ದಿನವಾಗಿತ್ತು.

ಕದ್ದು ಬರೆದದ್ದು ಸಾಕು, ಇನ್ನು ನಿನ್ನ ಅಕ್ಷರದಲ್ಲೇ ಬರಿ ಎಂದರು. ಪುಸ್ತಕಕ್ಕೆ ಅರಿಶಿನ ಹಚ್ಚಿ ಕೂತೆ. ಆಕೆಗಾಗಿ ಮೇಲೆ ೭೮೬, ಅದರ ಕೆಳಗೆ ನಮ್ಮ ಶ್ರೀ. ಆಮೇಲೆ ಅಂಗಡಿಯ ಹೆಸರು. ನೋಡಿದರೆ ಬಲಕ್ಕೆ ವಾಲಿದೆ. ಎರಡನೇ ಸಾಲು ನಿಧಾನವಾಗಿ ಬರೆದೆ. ಅದೂ ವಾಲಿತು. ಮೊದಲ ಪುಟ ಹರಿಯುವ ಹಾಗಿಲ್ಲ. ಅವರಿಗೆ ಹೇಳಲಿಲ್ಲ.

ಮನೆಗೆ ಬಂದು ಈ ದಿನಚರಿ ತಿರುವಿ ಹಾಕಿದೆ. ಇದೂ ಅಷ್ಟೇ. ಹಿಂದಿನ ವರ್ಷದ್ದೂ. ನೆಟ್ಟಗಿರುವ ಪುಟ ಒಂದೂ ಇಲ್ಲ. ನನ್ನ ಅಕ್ಷರ ಹೇಗಿತ್ತು? ಕಡೆಗೆ ನನ್ನ ಹೆಸರಾದರೂ ನೆಟ್ಟಗೆ ಬರುತ್ತದೆಯೋ ನೋಡೋಣ.

ರೇಣು—