ಹಸಿರು ಚುಕ್ಕೆಯ ಸುಳ್ಳು

ರಾಮಕೃಷ್ಣನಗರ, ಮೈಸೂರು
೧೪ ನವೆಂಬರ್ ೨೦೨೫

ಕೋಪ ಇಟ್ಟುಕೊಂಡೇ ಓದು, ಆದರೆ ಓದು ರಕ್ಷಿತಾ,

ಮಹದೇವಪ್ಪನವರಿಗೆ ಆ ಇಂಜೆಕ್ಷನ್ ಕೊಟ್ಟಿದ್ದು ನಿನ್ನ ಕೈ. ಕೊಂದದ್ದು ನಿನ್ನ ಕೈಯಲ್ಲ. ನರ್ಸು ಕಂಪ್ಯೂಟರ್ ನೋಡಲೇ ಇಲ್ಲ ಅಂತ ನಮ್ಮ ಆಸ್ಪತ್ರೆಯವರು ನಿನ್ನನ್ನು ಮನೆಗೆ ಕಳಿಸಿದರಲ್ಲ, ಅದು ಹಸಿ ಸುಳ್ಳು. ನೀನು ನೋಡಿದ್ದೆ. ಸಾಲದೆಂದು ನನಗೆ ಫೋನೂ ಮಾಡಿದ್ದೆ. ಬೆಳಗಿನಿಂದ ಹೊಸದೇನೂ ಬಂದಿಲ್ಲ ಕಣೆ, ಲೈನ್ ಸರಿಯಿದೆಯಾ ಅಂತ ನೀನು ಕೇಳಿದೆ. ಕಂಪ್ಯೂಟರ್ ವಿಭಾಗದ ಮಹಾರಾಣಿ ನಾನು, ಪರದೆ ಮೇಲೆ ಹಸಿರು ಚುಕ್ಕೆ ಉರೀತಿದೆಯಲ್ಲ, ಕಣ್ಣಿಲ್ಲವೇನೆ ಅಂತ ನಿನ್ನನ್ನೇ ಗೇಲಿ ಮಾಡಿದೆ.

ಮಹದೇವಪ್ಪನವರನ್ನು ನಿಮ್ಮ ಸಿದ್ಧಾರ್ಥನಗರ ಶಾಖೆಗೆ ಕಳಿಸುವ ಮುನ್ನ, ಈ ಔಷಧಿ ಇವರಿಗೆ ಆಗದು ಎಂದು ನಮ್ಮ ಜಯಲಕ್ಷ್ಮಿಪುರಂ ಶಾಖೆಯ ಡಾಕ್ಟರು ಬೆಳಿಗ್ಗೆ ಎಂಟಕ್ಕೇ ಕಂಪ್ಯೂಟರಿನಲ್ಲಿ ಬರೆದಿದ್ದರು. ಅಲ್ಲಿ ಬರೆದದ್ದು ಕೂಡಲೇ ನಿಮ್ಮ ಡೇಟಾಬೇಸ್‌ಗೆ ನಕಲಾಗಬೇಕು. ಆದರೆ ಏಳಕ್ಕೇ ಎರಡು ಶಾಖೆಗಳ ನಡುವಿನ ಲೈನ್ ಸತ್ತಿತ್ತು, ಸದ್ದಿಲ್ಲದೆ. ನಿಮ್ಮ ಯಂತ್ರ, ಅತ್ತಲಿಂದ ಹೇಳುವುದೇನೂ ಇಲ್ಲ ಅಂದುಕೊಂಡು ಹಸಿರು ತೋರಿಸುತ್ತಾ ಕೂತಿತು. ಹೀಗಾಗಬಾರದೆಂದೇ ಹತ್ತು ಸೆಕೆಂಡಿಗೊಮ್ಮೆ ‘ಬದುಕಿದ್ದೇನೆ’ ಎಂಬ ಸಣ್ಣ ಸಂದೇಶ ಬರುತ್ತಿರುತ್ತದೆ. ಒಂದು ನಿಮಿಷ ಬಾರದಿದ್ದರೆ ಅಲಾರಂ ಹೊಡೆಯಬೇಕು. ಆ ಒಂದು ನಿಮಿಷದ ಗಡುವನ್ನು ಒಂದು ಇಡೀ ದಿನಕ್ಕೆ ಎಳೆಯಲಾಗಿತ್ತು. ಮ್ಯಾನೇಜರ್ ಲಿಂಗರಾಜು ಹೇಳಿ ಮಾಡಿಸಿದ್ದು. ಕರೆಂಟು ಹೋದಾಗಲೆಲ್ಲ ಅಲಾರಂ ಬಡಿದುಕೊಳ್ಳುತ್ತದೆ, ರೋಗಿಗಳು ಹೆದರುತ್ತಾರೆ ಅಂತ. ಇವರಿಗೆ ರೋಗಿಯ ಜೀವಕ್ಕಿಂತ ರಿಸೆಪ್ಷನ್ನಿನ ಮೌನ ದೊಡ್ಡದು. ಥೂ!

ಈಗ ಅಮ್ಮ ಅಡುಗೆಮನೆಯಲ್ಲಿ ಸದ್ದು ಮಾಡದಿದ್ದರೆ ಸಾಕು, ಇದ್ದೀಯಾ ಅಂತ ಕೂಗುತ್ತೇನೆ. ಸತ್ತರೆ ಹೇಳಿಕಳಿಸ್ತೀನಿ ಬುಡು, ನಿನಗೇನು ದೆವ್ವ ಮೆಟ್ಟಿದೆಯಾ ಎಂದು ಬೈದಳು. ಮೆಟ್ಟಿದೆ. ನಿನ್ನೆ ಸಿಟಿ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಯಜಮಾನರೊಬ್ಬರ ಭುಜ ಅಲ್ಲಾಡಿಸಿಬಿಟ್ಟೆ. ಸ್ಟಾಪ್ ಬಂತೇನಮ್ಮ ಅಂದರು. ನಾನೇ ಇಳಿದುಬಿಟ್ಟೆ.

ಸೋಮವಾರದ ವಿಚಾರಣೆಗೆ ತಪ್ಪಿಸದೆ ಬಾ. ನಿನ್ನ ಕೆಲಸ, ನಿನ್ನ ಹೆಸರು ವಾಪಸ್ ಸಿಗಲೇಬೇಕು. ತಲೆ ತಗ್ಗಿಸಿ ನಿಲ್ಲಬೇಡ.

ನಿನ್ನನ್ನು ಗೇಲಿ ಮಾಡಿದವಳು,
ಮೈತ್ರೇಯಿ

ಮ.ವಿ.: ಮೇಲಿನದು ಬೆಳಿಗ್ಗೆ ಬರೆದದ್ದು. ಲಿಂಗರಾಜು ಗೊಣಗಿದ್ದು ನಿಜ, ಗಡುವು ಎಳೆಯಲು ಅವರು ಹೇಳಿರಲಿಲ್ಲ. ಅಲಾರಂ ಹೊಡೆದಾಗಲೆಲ್ಲ ಊಟದ ನಡುವೆ ಎದ್ದು ಓಡಿ ಓಡಿ ಬೇಸತ್ತು ನಾನೇ ಎಳೆದೆ, ಆಮೇಲೆ ಮರೆತೆ. ಮಧ್ಯಾಹ್ನ ಇದನ್ನೆಲ್ಲ ಬರೆದು, ಸಹಿ ಹಾಕಿ ವಿಚಾರಣೆಯವರಿಗೆ ಕೊಟ್ಟೆ. ಅಲ್ಲಿಂದ ಮಹದೇವಪ್ಪನವರ ಮನೆಗೆ ಹೋಗಿ ಅವರ ಮಗಳಿಗೂ ಹೇಳಿದೆ. ಆಕೆ ಒಳಗೆ ಕರೆಯಲಿಲ್ಲ. ಬಾಗಿಲನ್ನೂ ಹಾಕಲಿಲ್ಲ.