ಕೋಚ್‌ಗೆ ಕೊಟ್ಟ ತಾಂಬೂಲ

ಸೌತ್ ಸಿ, ನೈರೋಬಿ
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಸುಶೀಲಾ,

ನೀನು, ನಿಮ್ಮ ಯಜಮಾನರು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾವು ಮೂವರೂ ಇಲ್ಲಿ ಕ್ಷೇಮ. ಯುಗಾದಿಗೆ ನೀನು ಬರೆದ ಪತ್ರಕ್ಕೆ ದೀಪಾವಳಿ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಮೊದಲು ಬೈದುಬಿಡು, ಆಮೇಲೆ ಓದು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಾನು ಫೋನ್ ಹಿಡಿದ ತಕ್ಷಣ ನಮ್ಮ ಮನೆಯವರು ಟಿವಿಯ ಸದ್ದು ಕಡಿಮೆ ಮಾಡಿ ಕೂತುಬಿಡುತ್ತಾರೆ. ಇವರ ಔಷಧಿ ಫ್ಯಾಕ್ಟರಿಯ ಪ್ರಶಾಂತ್ ನಾಳೆ ಬೆಂಗಳೂರಿಗೆ ಹೊರಟಿದ್ದಾನೆ. ಅಲ್ಲಿಂದ ತುಮಕೂರಿಗೆ ಪೋಸ್ಟ್ ಮಾಡುತ್ತಾನೆ.

ಮೊದಲು ಸುದ್ದಿ. ನನ್ನ ಮಗ ಕಿಶನ್ ಈಗ ಖಾರದ ಸಾಸ್ ಬಾಟಲಿಯ ಮೇಲಿದ್ದಾನೆ. ನಗಬೇಡ ಕಣೆ, ನಿಜ! ಕರೆನ್ ಬಡಾವಣೆಯಲ್ಲಿರುವ ಅವನ ಶಾಲೆಯಲ್ಲಿ ರಗ್ಬಿ ಆಡುತ್ತಾನಲ್ಲ, ಒಂದು ದಿನ ಚೆಂಡನ್ನು ನೀರಿನ ಟ್ಯಾಂಕಿನ ಮೇಲಿಂದ ಹಾರಿಸಿ ಒದ್ದನಂತೆ. ಅದು ಹೋಗಿ ಹೆಡ್‌ಮಾಸ್ಟರರ ಟೀ ಟ್ರೇಯ ಮೇಲೆ ಬಿತ್ತು. ಯಾರೋ ಅದನ್ನು ವಿಡಿಯೋ ಮಾಡಿದರು, ಲಕ್ಷಾಂತರ ಜನ ನೋಡಿದರು, ಸಾಸ್ ಕಂಪನಿಯವರು ಜಾಹೀರಾತಿಗೆ ಮನೆ ಹುಡುಕಿಕೊಂಡು ಬಂದರು. ಉಪ್ಪಿಟ್ಟಿನಲ್ಲಿ ಒಂದು ಹಸಿಮೆಣಸಿನಕಾಯಿ ಬಾಯಿಗೆ ಸಿಕ್ಕಿದರೆ ಸಕ್ಕರೆ ಡಬ್ಬ ಹುಡುಕುವ ಹುಡುಗ, ಬಾಟಲಿಯ ಮೇಲೆ ಬಾಯಿಂದ ಬೆಂಕಿ ಉಗುಳುತ್ತಿದ್ದಾನೆ.

ದುಡ್ಡು ಅವನ ಅಕೌಂಟಿಗೇ ಬಂತು, ಹದಿನೆಂಟು ತುಂಬಿದೆಯಲ್ಲ. ಒಂದೇ ವಾರದಲ್ಲಿ ಕ್ಲಾಸಿಗೆಲ್ಲ ಪಿಜ್ಜಾ ಹಂಚಿದ, ಅಪ್ಪನಿಗೆ ಮೈ ಗುದ್ದುವ ಮಸಾಜ್ ಕುರ್ಚಿ ತಂದ, ಗೇಟಿನ ವಾಚ್‌ಮನ್‌ಗೆ ಹೊಸ ಸೈಕಲ್ ಕೊಡಿಸಿದ. ಪಾಪ, ಆತನಿಗೆ ಸೈಕಲ್ ಬರುವುದಿಲ್ಲ. "ಅಸಾಂಟೆ, ಅಸಾಂಟೆ" ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳುತ್ತ ಅದನ್ನು ತಳ್ಳಿಕೊಂಡೇ ಮನೆಗೆ ಹೋಗುತ್ತಾನೆ. ಉಳಿದದ್ದನ್ನು ಇವರು ಬ್ಯಾಂಕಿಗೆ ಓಡಿಹೋಗಿ ಡಿಪಾಸಿಟ್ ಮಾಡಿಸಿದರು. ನಾನು ಬುದ್ಧಿವಂತೆ ಎಂದುಕೊಳ್ಳಬೇಡ. ಸೂಪರ್‌ಮಾರ್ಕೆಟ್ಟಿಗೆ ಹೋದಾಗಲೆಲ್ಲ ಬಾಟಲಿಗಳನ್ನು ಮಗನ ಮುಖ ಕಾಣುವಂತೆ ತಿರುಗಿಸಿಟ್ಟು ಬರುತ್ತೇನೆ.

ಅದೇ ವಿಡಿಯೋ ನೋಡಿ ಅಮೆರಿಕದ ಕಾಲೇಜೊಂದರಿಂದ ಕೋಚ್ ಫೆಲಿಕ್ಸ್ ಎಂಬುವವರು ಬಂದರು. ಅಲ್ಲಿನ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಒದೆಯುವುದಕ್ಕೆಂದೇ ಬೇರೆ ಒಬ್ಬನಿರುತ್ತಾನೆ, ಅವನ ಮೇಲೆ ಬೀಳುವುದು ಕಡಿಮೆ. ಆ ಕೆಲಸಕ್ಕೆ ನಮ್ಮವನು ಬೇಕಂತೆ. ಓದು, ಊಟ, ಹಾಸ್ಟೆಲು ಎಲ್ಲ ಅವರದೇ ಖರ್ಚು. ಹಾಗೆ ಆರಿಸುವ ಮೊದಲು ಕೋಚ್ ಹುಡುಗನ ಮನೆಗೆ ಬಂದು, ಅಪ್ಪ ಅಮ್ಮನನ್ನು ಮಾತಾಡಿಸಿ, ಮನೆಯಲ್ಲೇ ತಿಂದು ಹೋಗುವುದು ಅವರಲ್ಲಿ ಪದ್ಧತಿ.

ನೀನೇ ಹೇಳು, ಇದು ನಮಗೆ ಗೊತ್ತಿಲ್ಲದ ಪದ್ಧತಿಯೇ? ಕೇಸರಿಬಾತ್, ಬೋಂಡ ಮಾಡಿದೆ, ರೇಷ್ಮೆ ಸೀರೆ ಉಟ್ಟೆ. ಹಿರಿಯರೊಬ್ಬರು ಇರಲಿ ಎಂದು ಪಕ್ಕದ ಮನೆಯ ದ್ವಾರಕಾನಾಥರನ್ನು ಕರೆದೆ. ನಲವತ್ತು ವರ್ಷದಿಂದ ಇಲ್ಲಿರುವ ರಿಟೈರ್ಡ್ ಲೆಕ್ಚರರ್, ನೈರೋಬಿಯ ಕನ್ನಡಿಗರ ಎಲ್ಲ ಮದುವೆ ಮಾತುಕತೆಗೂ ಅವರೇ. ಕೋಚ್ ಬಂದರು, ನಮ್ಮ ಬಾಗಿಲಿಗೆ ಬಗ್ಗಿ ಒಳಗೆ ಬರಬೇಕಾದಷ್ಟು ಎತ್ತರ. ಕಿಶನ್‌ಗೆ ಜುಬ್ಬ ಹಾಕಿಸಿ ಕೈಗೆ ಕಾಫಿ ತಟ್ಟೆ ಕೊಟ್ಟು ಕಳಿಸಿದೆ. ತಲೆ ತಗ್ಗಿಸಿಕೊಂಡು ಬಂದ, ನಾಚಿಕೆಯಿಂದಲ್ಲ, ಸಿಟ್ಟಿನಿಂದ. ದ್ವಾರಕಾನಾಥರು ಕೋಚ್ ಅವರ ಅಪ್ಪ ಏನು ಮಾಡುತ್ತಿದ್ದರು, ಎಷ್ಟು ಜನ ಅಣ್ಣತಮ್ಮಂದಿರು ಎಂದೆಲ್ಲ ವಿಚಾರಿಸಿದರು. ಕೋಚ್ ಬಂಗಾರದಂಥ ಮನುಷ್ಯ ಕಣೆ. ಮೂರು ಸಲ ಕೇಸರಿಬಾತ್ ಹಾಕಿಸಿಕೊಂಡರು, "ಇವನು ಜ್ವರ ಬಂದಾಗ ಏನು ತಿನ್ನುತ್ತಾನೆ?" ಎಂದು ನನ್ನನ್ನೇ ಕೇಳಿ ಬರೆದುಕೊಂಡರು.

ಹೊರಡುವಾಗ ಅವರಿಗೆ ತಾಂಬೂಲ ಕೊಟ್ಟೆ. ಪಾರ್ಕ್‌ಲ್ಯಾಂಡ್ಸ್‌ನ ಇಂಡಿಯನ್ ಅಂಗಡಿಯಿಂದ ತರಿಸಿದ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಎರಡೂ ಕೈಯೊಡ್ಡಿ ತೆಗೆದುಕೊಂಡು, ತಮ್ಮ ತಲೆಯ ಮೇಲಿದ್ದ ಕಾಲೇಜಿನ ಟೋಪಿ ತೆಗೆದು ಇವರ ಕೈಗಿಟ್ಟರು. ದ್ವಾರಕಾನಾಥರು ಎದ್ದು ನಿಂತು ಇವರಿಗೆ, "ಅಲ್ಲಿಗೆ ತಾಂಬೂಲ ಬದಲಾಯಿಸಿದ ಹಾಗಾಯ್ತು, ಬಾಲಕೃಷ್ಣ. ಇನ್ನು ಹುಡುಗ ಅವರವನು" ಅಂದುಬಿಟ್ಟರು. ನನಗೂ ಹಾಗೇ ಅನ್ನಿಸಿತು. ಕೋಚ್‌ಗೆ ಅದು ಬರೀ ಎಲೆ, ಅಡಿಕೆ, ಕಾಯಿ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹದಿನೈದು ದಿನಕ್ಕೆ ಸುಜಯ್ ಎಂಬ ಏಜೆಂಟ್ ಪ್ರತ್ಯಕ್ಷನಾದ. ಇನ್ನೊಂದು ಕಾಲೇಜು, ಇನ್ನೂ ದೊಡ್ಡದು. ಓದು, ಊಟದ ಜೊತೆಗೆ ಜಾಹೀರಾತಿನ ದುಡ್ಡೂ ಉಂಟಂತೆ. ಸ್ಟೂಡೆಂಟ್ ವೀಸಾದಲ್ಲಿ ಅಲ್ಲಿ ದುಡಿಯುವುದಕ್ಕೆ ಆಗುವುದಿಲ್ಲವಾದ್ದರಿಂದ, ರಜಕ್ಕೆ ನೈರೋಬಿಗೆ ಬಂದಾಗ ಶೂಟಿಂಗ್ ಮಾಡುತ್ತಾರಂತೆ. ಅವನು ಹೇಳಿದ ಮೊತ್ತ ಕೇಳಿ ಇವರು ಮೈ ಗುದ್ದುವ ಕುರ್ಚಿಯಿಂದ ಎದ್ದೇಬಿಟ್ಟರು. "ತಾಂಬೂಲ ಕೊಟ್ಟಾಗಿದೆ ಕಣ್ರೀ" ಅಂದೆ. "ಅಯ್ಯೋ ಚಂಪಾ, ಅದೇನು ಅಗ್ರಿಮೆಂಟಾ? ಇನ್ನೂ ಸೈನ್ ಮಾಡಿಲ್ವಲ್ಲ" ಅಂದರು.

ಆ ಮಾತು ಕೇಳಿದ್ದೇ ನನಗೆ ಎಲ್ಲಿತ್ತೋ ಸಿಟ್ಟು! ಕೈಯಲ್ಲಿದ್ದ ಸೌಟು ಹೋಗಿ ಆ ಕುರ್ಚಿಗೆ ಬಡಿಯಿತು, ಕುರ್ಚಿ ತಂತಾನೇ ಗುದ್ದುವುದಕ್ಕೆ ಶುರುಮಾಡಿತು. ಮೂರು ದಿನ ನಾನು ಯಾರ ಜೊತೆಯೂ ಮಾತಾಡಲಿಲ್ಲ. ದ್ವಾರಕಾನಾಥರು ಬಂದು "ತಾಯೀ, ಇದು ಆಟದ ವಿಷಯ, ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು" ಎಂದರು. ಇವರಂತೂ ಬಿಪಿ ಮೆಷಿನ್ ತಂದಿಟ್ಟರು.

ನಾಲ್ಕನೆಯ ದಿನ ಕಿಶನ್ ಅಡುಗೆಮನೆಗೆ ಬಂದ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವನು ಅವನು. ಅವತ್ತು ಕಟ್ಟೆಯ ಮೇಲೆ ಕೂತು ತಡವರಿಸಿಕೊಂಡು ಕನ್ನಡದಲ್ಲೇ ಹೇಳಿದ, "ಅಮ್ಮಾ, ನೀನು ತಾಂಬೂಲ ಅಂತೀಯ, ಅಪ್ಪ ದುಡ್ಡು ಅಂತಾರೆ. ನನ್ನನ್ನ ಯಾರು ಕೇಳಿದ್ರು?"

ಸುಶೀಲಾ, ಹಿಟ್ಟಿನ ಕೈ ಒರೆಸಿಕೊಂಡು ಒಲೆ ಆರಿಸಿದೆ. ಕೇಳಿದೆ. ದೊಡ್ಡ ಕಾಲೇಜಿಗೇ ಹೋಗುತ್ತೇನೆ ಅಂದ. ಕೋಚ್ ಫೆಲಿಕ್ಸ್ ಹತ್ತಿರ ಇವನಿಗಿಂತ ಹಿರಿಯರು ಇಬ್ಬರು ಒದೆಯುವವರಿದ್ದಾರೆ, ಎರಡು ವರ್ಷ ಬೆಂಚೇ ಗತಿ. ಅಲ್ಲಾದರೆ ಮೊದಲ ವರ್ಷದಿಂದಲೇ ಆಟ. "ದುಡ್ಡೂ ಬೇಕು ಅಮ್ಮಾ, ಸುಳ್ಳು ಹೇಳಲ್ಲ" ಅಂದ. ನನಗೆ ಸಂಕಟವಾಯಿತು, ಆದರೂ ಒಪ್ಪಿದೆ. ಒಂದೇ ಷರತ್ತು ಹಾಕಿದೆ: "ನೀನೇ ಹೇಳ್ಬೇಕು. ಅಪ್ಪ ಅಲ್ಲ, ಆ ಏಜೆಂಟ್ ಅಲ್ಲ, ಇಮೇಲೂ ಅಲ್ಲ. ಅವರು ನಿನ್ನ ಮುಖ ನೋಡ್ಬೇಕು."

ಹೋದ ಶನಿವಾರ ಸಂಜೆ ಐದಕ್ಕೆ ಕೋಚ್‌ಗೆ ವಿಡಿಯೋ ಕಾಲ್ ಮಾಡಿದ. ಅಲ್ಲಿ ಇನ್ನೂ ಬೆಳಗ್ಗೆ. ಇನ್ನೊಂದು ಕಾಲೇಜಿಗೆ ಹೋಗುತ್ತೇನೆ ಎಂದು ನೇರವಾಗಿ ಹೇಳಿದ, ಟೋಪಿ ವಾಪಸು ಕಳಿಸುತ್ತೇನೆ ಎಂದೂ ಹೇಳಿದ. ಕೋಚ್, ಟೋಪಿ ನಿನ್ನ ಅಪ್ಪನ ಹತ್ತಿರವೇ ಇರಲಿ ಎಂದರು. ಬೇರೆ ಹುಡುಗರಾದರೆ ಫೋನೇ ಎತ್ತುವುದಿಲ್ಲವಂತೆ, ಯಾರ ಬಾಯಿಂದಲೋ ಸುದ್ದಿ ತಿಳಿಯುತ್ತದಂತೆ. "ನೀನೇ ಹೇಳಿದೆಯಲ್ಲ, ನನಗೆ ಅದು ಸಾಕು" ಎಂದರು. ತೆಂಗಿನಕಾಯಿ, ಎಲೆಯನ್ನೆಲ್ಲ ಏರ್‌ಪೋರ್ಟಿನಲ್ಲಿ ಕಿತ್ತುಕೊಂಡರಂತೆ. ಒಂದು ಅಡಿಕೆ ಮಾತ್ರ ಕೋಟಿನ ಜೇಬಿನಲ್ಲಿ ಉಳಿದಿದೆ, ಇದನ್ನೇನು ಮಾಡಬೇಕು ಎಂದು ನನ್ನನ್ನೇ ಕೇಳಿದರು. ನಾನು ಒಳಗೆ ಹೋಗಿ ಅತ್ತೆ. ಇವರು ಬಂದು ನೋಡಿದಾಗ ಈರುಳ್ಳಿ ಅಂದೆ. ಅವತ್ತು ಏಕಾದಶಿ, ಈ ಮನೆಯಲ್ಲಿ ಈರುಳ್ಳಿ ಮುಟ್ಟುವುದಿಲ್ಲವೆಂದು ಇವರಿಗೆ ನೆನಪೇ ಆಗಲಿಲ್ಲ.

ಅಷ್ಟೇ ಕಣೆ ಇಲ್ಲಿನ ಕಥೆ. ಪ್ರಶಾಂತ್ ಕೈಯಲ್ಲಿ ಎರಡು ಬಾಟಲಿ ಸಾಸ್ ಕಳಿಸೋಣವೆಂದಿದ್ದೆ, ಲಗೇಜು ಜಾಸ್ತಿ ಅಂದ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರು ಏನಾದರೂ ಹೇಳಲು ಬಂದರೆ ಒಲೆ ಆರಿಸಿ ಕೇಳು. ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡ.

ನಿನ್ನ
ಚಂಪಾ

ಮತ್ತೊಂದು ವಿಷಯ: ಉತ್ತರ ತಡವಾದದ್ದು ಕೆಲಸದಿಂದಲ್ಲ. ನಿನ್ನ ಪತ್ರದ ಕೊನೆಯಲ್ಲಿ, "ಸೂರ್ಯನಾರಾಯಣಣ್ಣನಿಗೆ ಕಣ್ಣಿನ ಪೊರೆ ತೆಗೆಸಿದ್ದಾಯಿತು" ಎಂದು ಬರೆದಿದ್ದೆ. ಇಪ್ಪತ್ನಾಲ್ಕು ವರ್ಷದಲ್ಲಿ ನೀನು ನಿಮ್ಮಣ್ಣನ ಹೆಸರು ಬರೆದದ್ದು ಅದೇ ಮೊದಲು. ನಾನೂ ಕೇಳಿರಲಿಲ್ಲ. ಅವರಿಗೂ ನನಗೂ ಮದುವೆಯೆಂದು ತಾಂಬೂಲ ಬದಲಾಗಿತ್ತು. ಆಮೇಲೆ ನೈರೋಬಿ ಸಂಬಂಧ ಬಂತು, ಮೂರು ಪಟ್ಟು ಸಂಬಳ. "ಇನ್ನೂ ಲಗ್ನಪತ್ರಿಕೆ ಬರೆಸಿಲ್ವಲ್ಲ" ಅಂದರು ನಮ್ಮಪ್ಪ. ನಿಮ್ಮಮ್ಮ ನನಗೆ ಉಡಿಸಿದ್ದ ಸೀರೆಯನ್ನು ಪೇಪರಿನಲ್ಲಿ ಸುತ್ತಿ ನಮ್ಮ ಅಂಗಡಿಯ ಆಳಿನ ಕೈಯಲ್ಲಿ ವಾಪಸು ಕಳಿಸಿದರು. ಇವರಿಗೆ ಇದೇನೂ ಗೊತ್ತಿಲ್ಲ, ಇವರದು ತಪ್ಪೂ ಇಲ್ಲ. ನಾನು ಇಲ್ಲಿ ಸುಖವಾಗಿಯೇ ಇದ್ದೇನೆ. ನನ್ನನ್ನು ಯಾರೂ ಕೇಳಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಆದರೆ ನಿಮ್ಮ ಮನೆ ನಮ್ಮಿಂದ ನಾಲ್ಕೇ ಬಾಗಿಲು ಆಚೆ ಇತ್ತು. ನಾನೇ ಬಂದು ಮುಖ ನೋಡಿ ಹೇಳಬಹುದಿತ್ತು. ಕಿಟಕಿಯಲ್ಲಿ ನಿಂತು ಆ ಆಳು ಹೋಗುವುದನ್ನು ನೋಡಿದೆ, ಅಷ್ಟೇ. ನನ್ನ ತಪ್ಪು, ಸುಶೀಲಾ. ನಿಮ್ಮಣ್ಣನ ಕಣ್ಣು ಈಗ ಚೆನ್ನಾಗಿ ಕಾಣುತ್ತಿದ್ದರೆ ಈ ಕಾಗದವನ್ನು ಅವರ ಕೈಗೇ ಕೊಡು, ಅವರ ಹೆಂಡತಿ ಓದಿದರೂ ಪರವಾಗಿಲ್ಲ. ನೀನು ಓದಿ ಹೇಳಬೇಡ.